ದಾವಣಗೆರೆ ಮಂಡಿಪೇಟೆಯಲ್ಲಿ ವಾಹನ ತಡೆದರೆ ಅಂಗಡಿಗಳ ವ್ಯಾಪಾರ ಬೀಳುತ್ತಾ?

ಗಾಡಿ ನಿಲ್ಲಿಸಲು ಹತ್ತಿರದಲ್ಲೇ ಜಾಗ ಮಾಡಿಕೊಟ್ಟರೆ ಬೀಳುವುದಿಲ್ಲ. ಸುಮ್ನೆ ಬ್ಯಾರಿಕೇಡ್ ಹಾಕಿ ಕೈ ತೊಳೆದುಕೊಂಡರೆ ಬೀಳುತ್ತದೆ.

ಒಂದು ಕಾರು ನಿಲ್ಲಲು ಸುಮಾರು 2.5 ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಅಷ್ಟರಲ್ಲಿ ಐದು ಬೈಕು ಹಿಡಿಸುತ್ತವೆ. ಬೆಳಿಗ್ಗೆ ಅಂಗಡಿ ಬಾಗಿಲಲ್ಲೇ ನಿಂತ ಗಾಡಿ ಯಾರದು ಅಂತ ನೋಡಿ. ಎಷ್ಟೋ ಸಲ ಅಂಗಡಿಯವರದೇ. ಸಂಜೆವರೆಗೂ ಅಲ್ಲಾಡುವುದಿಲ್ಲ. ಮದುವೆ ಸೀರೆಗೆ ಹರಿಹರದಿಂದ ಬಂದವರು ಜಾಗ ಹುಡುಕಿ ಮೂರು ಸುತ್ತು ಹೊಡೆಯುತ್ತಾರೆ. ಮೊದಲು ಸರಿಯಾಗಬೇಕಾದದ್ದು ಇದೇ. ಮೊದಲ ಅರ್ಧ ಗಂಟೆ ಪುಕ್ಕಟೆ, ಆಮೇಲೆ ಹೊತ್ತಾದಷ್ಟೂ ಜಾಸ್ತಿ ಶುಲ್ಕ ಅಂತಿಟ್ಟರೆ ಜಾಗ ತಾನಾಗಿ ಖಾಲಿಯಾಗುತ್ತದೆ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಮಾತ್ರ ವಾಹನ ತಡೆದು ನೋಡಿದರು. ಇಲ್ಲೂ ವಾರಕ್ಕೆರಡು ಸಂಜೆಯಿಂದ ಶುರು ಮಾಡಬಹುದು. ಆದರೆ ಚೌಕಿಪೇಟೆ, ಮಂಡಿಪೇಟೆಗೆ ಮೂಟೆ ಇಳಿಸುವ ಗಾಡಿಗಳೂ ಬರಬೇಕಲ್ವಾ? ಅವಕ್ಕೆ ಬೆಳಗಿನ ಹೊತ್ತು ಬಿಡಲೇಬೇಕು. ಕಾಲು ನೋವಿನ ಅಜ್ಜಿಯನ್ನು ಕೂರಿಸಿಕೊಂಡ ಆಟೋ ಬೀದಿ ತುದಿವರೆಗಾದರೂ ಬರಲಿ. ಆ ತುದಿಯಲ್ಲಿ ಕೂರಲು ಒಂದು ಕಟ್ಟೆ, ಮೇಲೊಂದು ಬೇವಿನ ನೆರಳು ಬೇಕು. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ನೆರಳಿಲ್ಲದ ಬೀದಿಯಲ್ಲಿ ಯಾರೂ ನಡೆಯುವುದಿಲ್ಲ.