ನಾಲ್ಕು ಮನೆಯ ಚೌಕಕ್ಕೆ ಸಿಗದ ಕಣ್ಣು

ಪತ್ರ: ನಾನೂ ನನ್ನ ಹೆಂಡತಿಯೂ ಬೆಕ್ಕಿನ ಕಣ್ಣಿನವರು. ಮಗನ ಕಣ್ಣು ಮಾತ್ರ ಕಡುಗಪ್ಪು. ಅವನ ಹುಟ್ಟುಹಬ್ಬದ ದಿನ ಊಟಕ್ಕೆ ಕೂತಾಗ ಬಿಎಸ್ಸಿ ಓದುತ್ತಿರುವ ನನ್ನ ಅಕ್ಕನ ಮಗ, "ಮಾವ, ಸೈನ್ಸ್ ಪ್ರಕಾರ ಇದು ಸಾಧ್ಯವೇ ಇಲ್ಲ" ಎಂದುಬಿಟ್ಟ. ಎಲ್ಲರೂ ನಕ್ಕರು. ಅವತ್ತಿನಿಂದ ಹೆಂಡತಿ ಸರಿಯಾಗಿ ಮಾತಾಡುತ್ತಿಲ್ಲ. ವಿಜ್ಞಾನ ನಿಜಕ್ಕೂ ಏನು ಹೇಳುತ್ತದೆ? ಡಿಎನ್‌ಎ ಟೆಸ್ಟ್ ಮಾಡಿಸಿ ಎಲ್ಲರ ಬಾಯಿ ಮುಚ್ಚಿಸಲೆ? ಅಂದಹಾಗೆ, ನಮ್ಮ ಮನೆತನದ ಕಣ್ಣು ಪೋರ್ಚುಗೀಸರಿಂದ ಬಂದದ್ದು ಎಂದು ಅಜ್ಜ ಹೇಳುತ್ತಿದ್ದರು.
(ಹೊನ್ನಾವರದ ಓದುಗರು. ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ: ಮೊದಲು ನನ್ನದೊಂದು ತಕರಾರು. ಅಕ್ಕನ ಮಗ ಏನೆಂದ, ನೆಂಟರು ಹೇಗೆ ನಕ್ಕರು, ಎಲ್ಲ ಬರೆದಿದ್ದೀರಿ. ಆಗ ನೀವೇನು ಹೇಳಿದಿರಿ ಅನ್ನುವುದು ಮಾತ್ರ ಪತ್ರದಲ್ಲಿಲ್ಲ. ಮನೆಯವರು ಮಾತು ಬಿಟ್ಟಿರುವುದು ಅದಕ್ಕೇ ಇರಬೇಕು ಅಲ್ವಾ?

ಹುಡುಗ ಸುಮ್ನೆ ಕಟ್ಟಿ ಹೇಳಿದ್ದಲ್ಲ, ಅದನ್ನು ಒಪ್ಪೋಣ. ಚೌಕಾಬಾರದ ಮನೆಗಳ ಹಾಗೆ ನಾಲ್ಕು ಮನೆ ಬರೆದು ಕಣ್ಣಿನ ಬಣ್ಣದ ಲೆಕ್ಕ ಹೇಳಿಕೊಡುವುದು ಹಳೇ ಪದ್ಧತಿ. ಕಂದು ಪ್ರಬಲ, ನೀಲಿ ಅಡಗಿ ಕೂರುವಂಥದ್ದು. ಅಪ್ಪ ಅಮ್ಮ ಇಬ್ಬರ ಕಣ್ಣೂ ಕಪ್ಪಾಗಿದ್ದು ಇಬ್ಬರಲ್ಲೂ ತಿಳಿ ಬಣ್ಣ ಅಡಗಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮುತ್ತಜ್ಜಿಯ ಕಣ್ಣು ಎರಡು ತಲೆಮಾರು ದಾಟಿ ಮರಿಮಗಳಿಗೆ ಬರುವುದು ಹೀಗೇ. ಅಷ್ಟರ ಮಟ್ಟಿಗೆ ಚೌಕ ಸರಿ.

ಆದರೆ ಅದೇ ಚೌಕ, ತಿಳಿ ಕಣ್ಣಿನ ಇಬ್ಬರಿಗೆ ಕಪ್ಪು ಕಣ್ಣಿನ ಮಗು ಹುಟ್ಟಲಾರದು ಅಂತಲೂ ಹೇಳುತ್ತದೆ. ಅದು ತಪ್ಪು.

ಕಣ್ಣಿನಲ್ಲಿ ನೀಲಿ ಅನ್ನುವ ಬಣ್ಣವೇ ಇಲ್ಲ. ಹಸಿರೂ ಇಲ್ಲ. ಇರುವುದು ಮೆಲನಿನ್ ಅನ್ನುವ ಕಂದು ಬಣ್ಣದ ವಸ್ತು. ಅದು ಜಾಸ್ತಿ ಇದ್ದರೆ ಕಂದು. ಕಡಿಮೆ ಇದ್ದರೆ ಬೆಳಕು ಚದುರಿ, ಆಕಾಶ ಕಂಡ ಹಾಗೆ ನೀಲಿ ಕಾಣುತ್ತದೆ. ನಾವು ಕಪ್ಪು ಅನ್ನುವ ಕಣ್ಣೂ ಕಪ್ಪಲ್ಲ. ಮಗನನ್ನು ಬಿಸಿಲಿಗೆ ನಿಲ್ಲಿಸಿ ನೋಡಿ, ದಟ್ಟ ಕಾಫಿ ಬಣ್ಣ ಕಾಣುತ್ತದೆ. ಇನ್ನು ಕನ್ನಡದವರು ಬೂದಿ, ಹಸಿರು, ಜೇನು ಬಣ್ಣಕ್ಕೆಲ್ಲ ಸೇರಿಸಿ 'ಬೆಕ್ಕಿನ ಕಣ್ಣು' ಅಂದುಬಿಡುತ್ತೇವೆ. ನಿಮ್ಮದು ಯಾವುದು, ನಿಮ್ಮ ಹೆಂಡತಿಯದು ಯಾವುದು, ಪತ್ರದಲ್ಲಿ ಬರೆದಿಲ್ಲ.

ಮೆಲನಿನ್ ಎಷ್ಟಿರಬೇಕು ಅನ್ನುವುದರಲ್ಲಿ ದೊಡ್ಡ ಪಾಲು 15ನೇ ಕ್ರೋಮೋಸೋಮಿನ ಎರಡು ಜೀನ್‌ಗಳದ್ದು, ಒಸಿಎ2 ಮತ್ತು ಅದರ ಪಕ್ಕದ ಎಚ್‌ಇಆರ್‌ಸಿ2. ಅವೆರಡೇ ಅಲ್ಲ. 2021ರಲ್ಲಿ ಸುಮಾರು 1.95 ಲಕ್ಷ ಜನರನ್ನು ನೋಡಿದ ಒಂದು ಅಧ್ಯಯನದಲ್ಲಿ ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ, ಡಿಎನ್‌ಎಯ 50 ಜಾಗಗಳು ಹೊಸದಾಗಿಯೇ ಸಿಕ್ಕವು. ಇಷ್ಟೊಂದು ಕೈ ಸೇರಿ ಮಾಡುವ ಅಡಿಗೆ ನಾಲ್ಕು ಮನೆಯಲ್ಲಿ ಹಿಡಿಸುತ್ತದೆಯೆ? ಒಂದು ಮನೆಯಲ್ಲಿ ಅಕ್ಕಿ ಇಲ್ಲ, ಪಾಯಸ ಆಗಲಿಲ್ಲ. ಇನ್ನೊಂದು ಮನೆಯಲ್ಲಿ ಬೆಲ್ಲ ಇಲ್ಲ, ಅಲ್ಲೂ ಆಗಲಿಲ್ಲ. ಎರಡು ಮನೆ ಸೇರಿದರೆ? ನಿಮ್ಮ ಕಣ್ಣು ತಿಳಿಯಾಗಲು ಒಂದು ಜೀನ್ ಕಾರಣ, ನಿಮ್ಮ ಹೆಂಡತಿಗೆ ಬೇರೆ ಜೀನ್ ಕಾರಣ ಇದ್ದರೆ, ಮಗನ ಕಣ್ಣು ದಟ್ಟವಾಗಿ ಬರಬಹುದು. ಅಚ್ಚ ನೀಲಿ ಕಣ್ಣಿನ ದಂಪತಿಗೂ ಅಪರೂಪಕ್ಕೆ ಕಂದು ಕಣ್ಣಿನ ಮಗು ಹುಟ್ಟುತ್ತದೆ.

ಪೋರ್ಚುಗೀಸರ ಕತೆ ನಮ್ಮ ಕರಾವಳಿಯ ಉದ್ದಕ್ಕೂ ಕೇಳಿದ್ದೇನೆ. ಹೊನ್ನಾವರದಲ್ಲಿ ಅವರ ಕೋಟೆ ಇತ್ತು, ನಿಜ. ಯಾವುದೋ ಮನೆಯಲ್ಲಿ ನೆಂಟಸ್ತನವೂ ಆಗಿರಬಹುದು. ಆದರೆ ಕಣ್ಣು ತಿಳಿಯಾಗಲು ಹಡಗೇ ಬರಬೇಕಿಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಹಾನ್ಸ್ ಐಬರ್ಗ್ ಅವರ ತಂಡ 2008ರಲ್ಲಿ ಹೇಳಿದ ಪ್ರಕಾರ, ನೀಲಿ ಕಣ್ಣಿನ ಹಿಂದಿರುವ ಬದಲಾವಣೆ 6,000ದಿಂದ 10,000 ವರ್ಷದಷ್ಟು ಹಳೆಯದು. ವಾಸ್ಕೋ ಡ ಗಾಮಾ ಬಂದದ್ದು 1498ರಲ್ಲಿ. ಚೆಂದದ ಕಣ್ಣು ಕಂಡ ಕೂಡಲೇ ಅದು ಪರದೇಶದ್ದೇ ಇರಬೇಕು ಅನ್ನುವ ನಮ್ಮ ಆಸೆಗೆ ಮಾತ್ರ ಮದ್ದಿಲ್ಲ.

ಈ ಚೌಕದ ಮೇಲೆ ನನಗೆ ಹಳೇ ಸಿಟ್ಟು. ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದು, ತರಗತಿಯಲ್ಲಿದ್ದ ಒಬ್ಬಳೇ ಬೆಕ್ಕಿನ ಕಣ್ಣಿನ ಹುಡುಗಿಯನ್ನು ನಿಲ್ಲಿಸಿದರು. ನಿನ್ನ ಅಪ್ಪನ ಕಣ್ಣು ಯಾವ ಬಣ್ಣ? ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಬರುವವರು. ಅವಳಿಗೆ ನೆನಪಾಗಲಿಲ್ಲ. ಹಿಂದಿನ ಬೆಂಚು ಕಿಸಕ್ ಎಂದಿತು. ಆ ಬೆಂಚಿನಲ್ಲಿ ನಾನೂ ಇದ್ದೆ. ಎರಡು ದಿನ ಅವಳು ಶಾಲೆಗೆ ಬರಲಿಲ್ಲ.

ಆಮೇಲೆ ಓದುತ್ತಾ ಹೋದಾಗ ಇನ್ನೊಂದು ವಿಷಯ ಸಿಕ್ಕಿತು. ಕಣ್ಣಿನ ಬಣ್ಣಕ್ಕೆ ಈ ಲೆಕ್ಕ ಹಾಕಿದವರಲ್ಲಿ ಮೊದಲಿಗರು ಅಮೆರಿಕದ ಡೇವನ್‌ಪೋರ್ಟ್ ದಂಪತಿ, ಚಾರ್ಲ್ಸ್ ಮತ್ತು ಗರ್ಟ್ರೂಡ್, 1907ರಲ್ಲಿ. ಬಟಾಣಿ ಗಿಡದಲ್ಲಿ ಮೆಂಡೆಲ್ ಕಂಡ ನಿಯಮವನ್ನು ಮನುಷ್ಯರ ಕಣ್ಣಿಗೆ ಹಚ್ಚಿದರು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಬಡತನ, ಮಂದಬುದ್ಧಿ, ಕೆಟ್ಟ ನಡತೆ ಎಲ್ಲವೂ ಹೀಗೇ ರಕ್ತದಲ್ಲಿ ಇಳಿದು ಬರುತ್ತವೆ ಎಂದು ನಂಬಿದ ಚಾರ್ಲ್ಸ್, 1910ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಕಚೇರಿ ತೆರೆದು ಸಾವಿರಾರು ಮನೆಗಳ ವಂಶಾವಳಿ ಕೂಡಿಹಾಕಿದರು. ಬೇಡದವರಿಗೆ ಮಕ್ಕಳಾಗದಂತೆ ಬಲವಂತದಿಂದ ಆಪರೇಷನ್ ಮಾಡುವ ಕಾನೂನು ಅಮೆರಿಕದ ಒಂದೊಂದೇ ರಾಜ್ಯಕ್ಕೆ ಬಂತು. ಮೊದಲು ಬಂದದ್ದು ಇಂಡಿಯಾನಾಕ್ಕೆ, ಅದೂ 1907ರಲ್ಲೇ.

ನಮ್ಮಲ್ಲಿ ಕಚೇರಿ ಬೇಕಿಲ್ಲ, ತೊಟ್ಟಿಲ ಸುತ್ತ ನಿಂತವರೇ ಸಾಕು. ಮೂಗು ಯಾರದ್ದು, ಬಣ್ಣ ಯಾರದ್ದು? ಹೋಲಿಕೆ ಸಿಕ್ಕಿದರೆ ಅಪ್ಪನ ಮನೆಗೆ ಹೆಮ್ಮೆ, ಸಿಗದಿದ್ದರೆ ಲೆಕ್ಕ ಕೊಡಬೇಕಾದವಳು ಬಾಣಂತಿ. ವಧು ಬೇಕು ಜಾಹೀರಾತಿನವರೂ ಈ ಪಂಗಡವೇ. ಮಗುವಿನ ಕಣ್ಣಿನ ಬಣ್ಣ ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಬದಲಾಗಬಹುದು. ಅಷ್ಟು ದಿನ ಕಾಯುವ ತಾಳ್ಮೆಯೂ ಇವರಿಗಿಲ್ಲ.

ಟೆಸ್ಟ್ ವಿಷಯ. ತಂದೆ ಯಾರೆಂದು ನೋಡುವ ಡಿಎನ್‌ಎ ಪರೀಕ್ಷೆ ಕಣ್ಣಿನ ಬಣ್ಣವನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದನ್ನು ಮಾಡಿಸಿದರೆ ನಿಮ್ಮ ನೆಂಟರ ಬಾಯಿ ಮುಚ್ಚೀತು. ನಿಮ್ಮ ಹೆಂಡತಿಯ ಬಾಯಿ ಮತ್ತೆ ತೆರೆಯುವುದಿಲ್ಲ. ಬೇಡ.

ಈ ಪುಟವನ್ನು ಕತ್ತರಿಸಿ ಅಕ್ಕನ ಮಗನಿಗೆ ಕೊಡಿ. ಓದಿದ ಮೇಲೆ ಅವನು ಬಂದು ಅತ್ತೆಯ ಹತ್ತಿರ ತಪ್ಪಾಯಿತು ಅನ್ನಲಿ. ಅವತ್ತು ನಕ್ಕ ನೆಂಟರನ್ನೂ ಊಟಕ್ಕೆ ಕರೆಯಿರಿ. ಪಾಯಸ ನೀವೇ ಮಾಡಿ.