ಮೊದಲು ಟೇಪು, ಆಮೇಲೆ ಲೆನ್ಸು

ಓದುಗರ ಪ್ರಶ್ನೆಗಳಿಗೆ ಉತ್ತರ: ಕಿರುಚಿತ್ರದ ಕ್ಯಾಮೆರಾ

ಪ್ರಶ್ನೆ: ನನ್ನ ಹತ್ತಿರ ಪ್ಯಾನಸಾನಿಕ್ ಜಿ7 ಕ್ಯಾಮೆರಾ, ಅದರ ಜೊತೆಗೇ ಬಂದ 14–42 ಲೆನ್ಸ್ ಇದೆ. ಮೈಸೂರಿನ ಅಗ್ರಹಾರದ ವಠಾರದ ಮನೆಯೊಂದರಲ್ಲಿ ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡಬೇಕು. ಕೋಣೆ ಹತ್ತಡಿಗೆ ಹನ್ನೆರಡಡಿ. ಸಿನಿಮಾ ಥರ ಕಾಣಬೇಕಾದರೆ 50 ಎಂಎಂ ತಗೋ ಎಂದು ಗೆಳೆಯರೆಲ್ಲ ಹೇಳುತ್ತಿದ್ದಾರೆ. ಒಂದೇ ಲೆನ್ಸಿಗೆ ದುಡ್ಡಿದೆ. ತಗೊಳ್ಳಲೇ?
— ಮೈಸೂರಿನ ಓದುಗರು

ಉತ್ತರ: ಬೇಡಿ. ಆ ಕೋಣೆಗೆ 50 ಹಿಡಿಸುವುದಿಲ್ಲ. ಗೆಳೆಯರ ಮಾತು 36 ಎಂಎಂ ಅಗಲದ ಫುಲ್‌ಫ್ರೇಮ್ ಸೆನ್ಸರಿಗೆ, ಅಂದರೆ ಬೆಳಕು ಹಿಡಿಯುವ ಚಿಪ್‌ಗೆ, ಸರಿ. ನಿಮ್ಮ ಸೆನ್ಸರಿನ ಅಗಲ 17.3 ಎಂಎಂ. ಸಾಲದ್ದಕ್ಕೆ ಜಿ7 4ಕೆಯಲ್ಲಿ ಅಷ್ಟನ್ನೂ ಬಳಸುವುದಿಲ್ಲ. 4592 ಪಿಕ್ಸೆಲ್‌ಗಳಲ್ಲಿ ನಡುವಿನ 3840 ಮಾತ್ರ ತೆಗೆದುಕೊಳ್ಳುತ್ತದೆ. ಅಂದರೆ ಕೈಗೆ ಸಿಗುವುದು ಸುಮಾರು 14.5 ಎಂಎಂ.

ಲೆನ್ಸ್ ಕೊಳ್ಳುವ ಮೊದಲು ಟೇಪು ಹಿಡಿದು ಕೋಣೆ ಅಳೆಯಿರಿ. ಕ್ಯಾಮೆರಾದಿಂದ ನಟರಿಗಿರುವ ದೂರವನ್ನು ಸೆನ್ಸರಿನ ಅಗಲದಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ (ಲೆನ್ಸಿನ ಮೇಲಿರುವ 14, 25, 50 ಎಂಎಂ ಸಂಖ್ಯೆ) ಭಾಗಿಸಿದರೆ ಫ್ರೇಮಿನಲ್ಲಿ ಎಷ್ಟು ಅಗಲ ಕಾಣುತ್ತದೆ ಎಂಬುದು ಸಿಗುತ್ತದೆ. ಹನ್ನೆರಡಡಿಯಲ್ಲಿ ಟ್ರೈಪಾಡ್ ಕಾಲು, ಅದರ ಹಿಂದೆ ನಿಲ್ಲುವವರು ಸೇರಿ ಎರಡಡಿ ಹೋಯಿತು. ನಟರನ್ನು ಗೋಡೆಗೆ ಒರಗಿಸಿದರೆ ನೆರಳು ಗೋಡೆಯ ಮೇಲೇ ಬೀಳುತ್ತದೆ, ಆದ್ದರಿಂದ ಅಲ್ಲೂ ಎರಡಡಿ ಬಿಡಬೇಕು. ಉಳಿದದ್ದು ಎಂಟಡಿ. ಈಗ ನೋಡಿ: 50ರಲ್ಲಿ ಕಾಣುವ ಅಗಲ 2.3 ಅಡಿ, ಎತ್ತರ 1.3 ಅಡಿ. ತಲೆ, ಹೆಗಲು, ಮುಗಿಯಿತು. ಅಜ್ಜಿ ಮೊಮ್ಮಗಳು ಅಕ್ಕಪಕ್ಕ ಕೂತರೆ ಒಬ್ಬರು ಆಚೆ ಉಳಿಯುತ್ತಾರೆ. 25ರಲ್ಲಿ ಅಗಲ 4.6, ಎತ್ತರ 2.6 ಅಡಿ, ಕೂತವರು ಸೊಂಟದವರೆಗೆ ಕಾಣುತ್ತಾರೆ. 14ರಲ್ಲಿ 8.3ಕ್ಕೆ 4.7 ಅಡಿ, ಕುರ್ಚಿಯಲ್ಲಿರುವವರು ತಲೆಯಿಂದ ಪಾದದವರೆಗೆ ಬರುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರಿಗೂ ಜಾಗವಿದೆ. ನಿಂತವರು ಪೂರ್ತಿ ಕಾಣಬೇಕಾದರೆ ಆ ಶಾಟ್ ಮಟ್ಟಿಗೆ ಫುಲ್ ಎಚ್‌ಡಿಗೆ ಬನ್ನಿ. ಆಗ ಸೆನ್ಸರಿನ ಪೂರ್ತಿ ಅಗಲ ಸಿಕ್ಕು ಅದೇ 14ರಲ್ಲಿ 9.9 ಅಡಿ ಕಾಣುತ್ತದೆ. ಇಲ್ಲವೇ ಬಾಗಿಲು ತೆಗೆದು ಟ್ರೈಪಾಡನ್ನು ಹೊಸಿಲಿನಾಚೆ ಇಡಿ. ವಠಾರದ ಮನೆಯಲ್ಲಿ ಹಾಗೆ ಸಿಗುವ ಮೂರಡಿಗೆ ಹೊಸ ಲೆನ್ಸಿನಷ್ಟೇ ಬೆಲೆ.

ನಮ್ಮ ಸಲಹೆ 25 ಎಂಎಂ, ಎಫ್ 1.7 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದು ಬೆಳಕು ಹೆಚ್ಚು ಬರುತ್ತದೆ). ವೈಡ್ ಶಾಟಿಗೆ ಕೈಯಲ್ಲಿರುವ ಲೆನ್ಸಿನ 14 ಸಾಕು. ಅಲ್ಲಿ ಎಫ್ 3.5 ಇರುವುದರಿಂದ 1.7ಕ್ಕೆ ಹೋಲಿಸಿದರೆ ಕಾಲು ಭಾಗದಷ್ಟೇ ಬೆಳಕು ಒಳಗೆ ಬರುತ್ತದೆ, ನಿಜ. ಆದರೆ ವೈಡ್ ಶಾಟಿನಲ್ಲಿ ಕೋಣೆಯೆಲ್ಲ ಸ್ಪಷ್ಟವಾಗಿ ಕಾಣುವುದೇ ಬೇಕಾಗಿರುವುದು. ಇನ್ನೊಂದು ದೀಪ ಹಾಕಿ. ಶಾಟ್ ನಡೆಯುತ್ತಿರುವಾಗ ಮಾತ್ರ ಜೂಮ್ ಮಾಡಬೇಡಿ: 42ಕ್ಕೆ ಹೋಗುವಷ್ಟರಲ್ಲಿ ಎಫ್ 5.6 ಆಗಿ ಚಿತ್ರ ಕಣ್ಣೆದುರೇ ಕಪ್ಪಾಗುತ್ತದೆ.

ಮುಖದ ಕ್ಲೋಸಪ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮುಖ ಊದಿದಂತೆ ಕಂಡರೆ ಎಲ್ಲರೂ ವೈಡ್ ಲೆನ್ಸನ್ನು ಬೈಯುತ್ತಾರೆ. ತಪ್ಪು ದೂರದ್ದು. ಫ್ರೇಮಿನ ಅಗಲ 1.7 ಅಡಿ ಇರಲಿ ಎಂದುಕೊಳ್ಳಿ. ಅದಕ್ಕೆ 42ರಲ್ಲಿ ಐದಡಿ ದೂರ ನಿಲ್ಲುತ್ತೀರಿ, 25ರಲ್ಲಿ ಮೂರಡಿ, 14ರಲ್ಲಿ ಒಂದೂ ಮುಕ್ಕಾಲು ಅಡಿಗಿಂತ ಹತ್ತಿರ. ಅಷ್ಟು ಹತ್ತಿರ ಹೋದರೆ ಕ್ಯಾಮೆರಾಗೆ ಕಿವಿಗಿಂತ ಮೂಗು ತುಂಬಾ ಸಮೀಪ. ಮೂಗು ದಪ್ಪಗಾಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. 25ರಲ್ಲಿ ಮೂರಡಿ ಪರವಾಗಿಲ್ಲ. ಅದಕ್ಕಿಂತ ಹತ್ತಿರ ಹೋಗಬೇಡಿ. ಇಬ್ಬರ ಮಾತುಕತೆಯಾದರೆ ಇಬ್ಬರಿಗೂ ಅದೇ ಲೆನ್ಸ್, ಅದೇ ದೂರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಒಬ್ಬರು ಎದುರಿಗೆ, ಇನ್ನೊಬ್ಬರು ಬೀದಿಯಾಚೆ ಕೂತಂತೆ ಕಾಣುತ್ತದೆ.

ಮೂರಡಿಯಲ್ಲಿ ಎಫ್ 1.7 ಇಟ್ಟರೆ ಸ್ಪಷ್ಟವಾಗಿರುವ ಆಳ ಎರಡೂವರೆ ಇಂಚಿನ ಆಸುಪಾಸು. ನಟರು ಕಾಫಿ ಲೋಟಕ್ಕೆ ಬಾಗಿದರೆ ಸಾಕು, ಕಣ್ಣು ಮಸುಕು. ಎಫ್ 2.8ಕ್ಕೆ ಬನ್ನಿ, ನಾಲ್ಕು ಇಂಚಿನ ಮೇಲೆ ಸಿಗುತ್ತದೆ. ಈ ಲೆನ್ಸುಗಳ ಫೋಕಸ್ ಉಂಗುರ ಒಳಗಿನ ಮೋಟಾರಿಗೆ ಸೂಚನೆ ಕೊಡುತ್ತದೆಯೇ ಹೊರತು ಗಾಜನ್ನು ನೇರವಾಗಿ ತಿರುಗಿಸುವುದಿಲ್ಲ. ಹಾಗಾಗಿ ಉಂಗುರದ ಮೇಲೆ ಅಂಟಿಸಿದ ಗುರುತು ಎರಡನೇ ಟೇಕಿಗೆ ಸುಳ್ಳಾಗುತ್ತದೆ. ಗುರುತನ್ನು ನೆಲದ ಮೇಲೆ, ನಟರ ಕಾಲ ಬಳಿ ಹಾಕಿ.

ಪ್ರಶ್ನೆ: ಆಲೆಮನೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಕ್ಯಾಮೆರಾ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ 4ಕೆ. ಕೊಪ್ಪರಿಗೆಯ ಹತ್ತಿರ ಹೋದರೆ ಲೆನ್ಸಿಗೆ ಆವಿ ಕೂರುತ್ತದೆ. ದೂರದಿಂದ 75 ಎಂಎಂನಲ್ಲಿ ತೆಗೆದರೆ ಎಲ್ಲವೂ ಹಾಲು ಹಾಲು. ಹೊರಗೆ ಕಬ್ಬಿನ ಗದ್ದೆಯಲ್ಲಿ ಬೆಳಕು ವಿಪರೀತ.
— ಮಂಡ್ಯದ ಓದುಗರು

ಉತ್ತರ: ನಿಮ್ಮ ಸೆನ್ಸರಿನ ಅಗಲ 18.96 ಎಂಎಂ. 75ರಲ್ಲಿ ಹದಿನೈದು ಅಡಿಯಿಂದ ತೆಗೆದರೂ, 25ರಲ್ಲಿ ಐದಡಿಯಿಂದ ತೆಗೆದರೂ ಫ್ರೇಮಿನ ಅಗಲ ಒಂದೇ, 3.8 ಅಡಿ. ಆದರೆ ಆವಿ ತುಂಬಿದ ಆಲೆಮನೆಯಲ್ಲಿ ಹದಿನೈದು ಅಡಿ ಆವಿಯ ಮೂಲಕ ನೋಡುವುದಕ್ಕೂ ಐದಡಿ ಆವಿಯ ಮೂಲಕ ನೋಡುವುದಕ್ಕೂ ವ್ಯತ್ಯಾಸವಿದೆ. ಆ ಹಾಲು ಬಣ್ಣ ಬರುವುದೇ ಅಲ್ಲಿಂದ. 25 ಹಾಕಿಕೊಂಡು, ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆ ನಿಲ್ಲಿ. ಆವಿ ಆಚೆ ಹೋಗುತ್ತದೆ. ಮಾಡಿನ ಸಂದಿಯಿಂದ ಬೀಳುವ ಬಿಸಿಲು ಆವಿಯ ಹಿಂದಿರುವಂತೆ ನೋಡಿಕೊಂಡರೆ ಆವಿಯ ಸುರುಳಿ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ.

ಪಾಕ ಹದಕ್ಕೆ ಬಂದಾಗ ಮಾತ್ರ ಹತ್ತಿರ ಇರಬೇಡಿ. ಆಗ ಅದರ ಕಾವು 118ರಿಂದ 120 ಡಿಗ್ರಿ, ಮೈಗೆ ಸಿಡಿದರೆ ಅಂಟಿಕೊಂಡೇ ಸುಡುತ್ತದೆ. ಕೊಪ್ಪರಿಗೆ ಇಳಿಸಿ ಸುರಿಯುವ ಶಾಟಿಗೆ 45 ಹಾಕಿ ಒಂಬತ್ತಡಿ ಹಿಂದೆ ನಿಂತರೆ ಫ್ರೇಮ್ ಅಷ್ಟೇ ಇರುತ್ತದೆ. ಕೆಲಸದವರ ದಾರಿಗೂ ಅಡ್ಡವಾಗುವುದಿಲ್ಲ.

ಲೆನ್ಸ್ ಸುತ್ತಲಿನ ಗಾಳಿಗಿಂತ ತಣ್ಣಗಿದ್ದರೆ ಆವಿ ಅದರ ಮೇಲೆ ನೀರಾಗುತ್ತದೆ. ಎಸಿ ಕಾರಿನಿಂದ ನೇರವಾಗಿ ಒಳಗೆ ತರಬೇಡಿ. ಬ್ಯಾಗಿನೊಳಗೇ ಅರ್ಧ ಗಂಟೆ ಆಲೆಮನೆಯಲ್ಲಿ ಇರಲಿ. ಮುಂದೆ ಯುವಿ ಫಿಲ್ಟರ್ ಹಾಕಿ, ಎರಡು ಇಟ್ಟುಕೊಂಡು ಬದಲಾಯಿಸುತ್ತಿರಿ. ಪಾಕದ ಹನಿ ಒಣಗಿದ್ದರೆ ಒಣಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟು ಕರಗಿಸಿ, ಆಮೇಲೆ ಒರೆಸಿ.

ಗದ್ದೆಯ ಲೆಕ್ಕ ಹೀಗೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400, ಶಟರ್ 1/50 ಸೆಕೆಂಡ್ ಇಟ್ಟರೆ ಮಧ್ಯಾಹ್ನದ ಬಿಸಿಲು ಎಫ್ 45 ಕೇಳುತ್ತದೆ. ನಿಮಗೆ ಬೇಕಾದದ್ದು ಎಫ್ 5.6. ನಡುವೆ ಆರು ಸ್ಟಾಪ್ (ಒಂದು ಸ್ಟಾಪಿಗೆ ಬೆಳಕು ಅರ್ಧವಾಗುತ್ತದೆ), ಅಂದರೆ ಬೆಳಕನ್ನು 64ನೇ ಒಂದು ಭಾಗಕ್ಕೆ ಇಳಿಸುವ ಕಪ್ಪು ಫಿಲ್ಟರ್, ಎನ್‌ಡಿ 64. ಲೆನ್ಸನ್ನೇ ಎಫ್ 16ಕ್ಕೆ, 22ಕ್ಕೆ ಮುಚ್ಚಬೇಡಿ. ಸಣ್ಣ ಸೆನ್ಸರಿನಲ್ಲಿ 11 ದಾಟಿದರೆ ಚಿತ್ರದ ಹರಿತವೇ ಹೋಗುತ್ತದೆ. ತಿರುಗಿಸುವ ಎನ್‌ಡಿಯನ್ನು ಕೊನೆಯವರೆಗೆ ತಿರುಗಿಸಿದರೆ 12 ಎಂಎಂನಂಥ ವೈಡ್ ಲೆನ್ಸಿನಲ್ಲಿ ಆಕಾಶದ ಮೇಲೆ ಕಪ್ಪು ಅಡ್ಡಪಟ್ಟೆ ಮೂಡುತ್ತದೆ. ಗಟ್ಟಿ ಎನ್‌ಡಿ ಹಾಕಿದಾಗ ಕಪ್ಪು ಬಟ್ಟೆ ಕಂದು ಬಣ್ಣಕ್ಕೆ ತಿರುಗಿದರೆ ಅದು ಇನ್‌ಫ್ರಾರೆಡ್ ಕೆಲಸ. ಅದನ್ನೂ ತಡೆಯುವ ಎನ್‌ಡಿ ಕೇಳಿ ತಗೊಳ್ಳಿ.

ಪ್ರಶ್ನೆ: ತಂದೆಯವರ ಕಾಲದ ನಿಕಾನ್ 50 ಎಂಎಂ ಎಫ್ 1.8 ಇದೆ. ಗೆಳೆಯನ ಕ್ಯಾನನ್ ಇಎಫ್ 50 ಕೂಡ ಸಿಗುತ್ತದೆ. ಅಡಾಪ್ಟರ್ ಹಾಕಿ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾದಲ್ಲಿ (ಜಿ7ನಂಥ ಸಣ್ಣ ಸೆನ್ಸರಿನದು) ಬಳಸಬಹುದೇ?
— ಮೈಸೂರಿನ ಇನ್ನೊಬ್ಬ ಓದುಗರು

ಉತ್ತರ: ತಂದೆಯವರದ್ದನ್ನೇ ಬಳಸಿ. ಅದರಲ್ಲಿ ಎಫ್ ಸಂಖ್ಯೆ ಬದಲಿಸುವ ಅಪರ್ಚರ್ ಉಂಗುರ ಇರುತ್ತದೆ, ಸಾದಾ ಅಡಾಪ್ಟರ್ ಸಾಕು. ಕ್ಯಾನನ್‌ನಲ್ಲಿ ಆ ಉಂಗುರವಿಲ್ಲ; ವಿದ್ಯುತ್ ಸಂಪರ್ಕವಿಲ್ಲದ ಅಡಾಪ್ಟರಿನಲ್ಲಿ ಅದು ಪೂರ್ತಿ ತೆರೆದೇ ಇರುತ್ತದೆ. ಸಾದಾ ಅಡಾಪ್ಟರ್ ಅಂದರೆ ಟೊಳ್ಳು ಕೊಳವೆ, ಆದರೆ ಅದರ ಉದ್ದ ಕರಾರುವಾಕ್ಕಾಗಿರಬೇಕು. ಹತ್ತನೇ ಒಂದು ಎಂಎಂ ಹೆಚ್ಚಾದರೂ 50 ಎಂಎಂ ಲೆನ್ಸ್ 25 ಮೀಟರಿನಾಚೆ ಫೋಕಸ್ ಆಗುವುದಿಲ್ಲ. ರಾತ್ರಿ ಮಹಡಿಗೆ ಹೋಗಿ ಚಾಮುಂಡಿ ಬೆಟ್ಟದ ದೀಪಗಳಿಗೆ ಫೋಕಸ್ ಮಾಡಿ ನೋಡಿ. ದೀಪ ಚುಕ್ಕೆಯಾಗದೆ ಬಿಲ್ಲೆಯಾಗಿಯೇ ಉಳಿದರೆ ಅಡಾಪ್ಟರ್ ವಾಪಸ್ ಮಾಡಿ. 0.71 ಪಟ್ಟಿನ ಸ್ಪೀಡ್ ಬೂಸ್ಟರ್ (ಒಳಗೆ ಗಾಜಿರುವ ಅಡಾಪ್ಟರ್) ಹಾಕಿದರೆ 50 ಹೋಗಿ 35 ಆಗುತ್ತದೆ, ಎಫ್ 1.8 ಸುಮಾರು 1.3 ಆಗುತ್ತದೆ. ಆದರೂ ಎಂಟಡಿಯಿಂದ ಕಾಣುವುದು ನಾಲ್ಕಡಿಯೊಳಗೆ. ವೈಡ್ ಕೊರತೆ ಅದರಿಂದ ನೀಗುವುದಿಲ್ಲ. ಇದನ್ನು ಕ್ಲೋಸಪ್ಪಿಗೆ ಇಟ್ಟುಕೊಳ್ಳಿ. ಈ ಹಳೆಯ ಲೆನ್ಸುಗಳ ಫೋಕಸ್ ಉಂಗುರ ಗಾಜನ್ನೇ ತಿರುಗಿಸುತ್ತದೆ, ಎರಡೂ ತುದಿಯಲ್ಲಿ ನಿಲ್ಲುತ್ತದೆ. ಇದರ ಮೇಲೆ ಹಾಕಿದ ಗುರುತು ಹತ್ತು ಟೇಕಿಗೂ ಸರಿಯಾಗಿರುತ್ತದೆ.

ಪ್ರಶ್ನೆ: ಸಣ್ಣ ಸೆನ್ಸರಿನಲ್ಲಿ ಎಫ್ 1.7 ಅಂದರೆ 3.4 ಎನ್ನುತ್ತಾರೆ. ಬೆಳಕೂ ಅಷ್ಟು ಕಮ್ಮಿಯಾಗುತ್ತದೆಯೇ?
— ಮದ್ದೂರಿನ ಓದುಗರು

ಉತ್ತರ: ಎಕ್ಸ್‌ಪೋಷರ್ ಬದಲಾಗುವುದಿಲ್ಲ; ಲೈಟ್ ಮೀಟರ್ 1.7 ಎಂದರೆ 1.7ನ್ನೇ ಇಡಿ. ಫುಲ್‌ಫ್ರೇಮಿನ 3.4ರಂತೆ ಆಗುವುದು ಹಿನ್ನೆಲೆಯ ಮಸುಕು ಮಾತ್ರ. ಹಿನ್ನೆಲೆ ಇನ್ನಷ್ಟು ಮಸುಕಾಗಬೇಕಾದರೆ ನಟರನ್ನು ಗೋಡೆಯಿಂದ ಇನ್ನೂ ಎರಡಡಿ ಮುಂದಕ್ಕೆ ಕರೆಯಿರಿ.