ಹಾಲಿನ ಕವರ್ ಕೆಡುವುದು ಕತ್ತರಿ ಹಾಕುವಾಗ

ಪ್ರಶ್ನೆ: ಹಾಲಿನ ಖಾಲಿ ಕವರ್ ತೊಳೆದು ಕೂಡಿಡುತ್ತೇವೆ. ನಾಲ್ಕು ದಿನಕ್ಕೇ ವಾಸನೆ, ಗುಜರಿಯವರೂ ಬೇಡ ಅನ್ನುತ್ತಾರೆ. ಅಡುಗೆಮನೆಯಲ್ಲೇ ಮತ್ತೆ ಬಳಸಬಹುದೇ? (ಮಾಲೂರು)

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ, ಹಾಗಾಗಿ ವಿವರವಾಗಿಯೇ ಹೇಳುತ್ತೇನೆ. ನೀವು ಮೂಲೆಯಲ್ಲಿ ಸಣ್ಣ ತೂತು ಮಾಡಿ ಹಾಲು ಬಗ್ಗಿಸುತ್ತೀರಿ. ಆ ತೂತಿನಿಂದ ನೀರು ಒಳಗೆ ಸರಿಯಾಗಿ ಆಡುವುದಿಲ್ಲ. ಬೆಸುಗೆಯ ಸಂದಿಯಲ್ಲಿ ಉಳಿದ ಹಾಲು ಹುಳಿಯುತ್ತದೆ. ಕತ್ತರಿಸಿದ ಉಗುರಿನಷ್ಟು ತುದಿಯನ್ನಂತೂ ಯಾವ ಗುಜರಿಯವರೂ ಆಯುವುದಿಲ್ಲ, ಅದು ಸಿಂಕಿನಿಂದ ನೇರ ಚರಂಡಿಗೆ.

ಮೂಲೆಗೆ ಓರೆಯಾಗಿ ಕತ್ತರಿ ಹಾಕಿ, ತುದಿ ಕವರಿಗೇ ಅಂಟಿಕೊಂಡಿರಲಿ. ಹಾಲು ಬಗ್ಗಿಸಿದ ಮೇಲೆ ಮೇಲಿನ ಬೆಸುಗೆಯ ಕೆಳಗೆ ಅಡ್ಡಕ್ಕೆ ಸೀಳುತ್ತಾ ಹೋಗಿ, ಕೊನೆಗೆ ಒಂದು ಸೆಂಟಿಮೀಟರ್ ಬಿಟ್ಟು ನಿಲ್ಲಿಸಿ. ಈಗ ಬಾಯಿ ಪೂರ್ತಿ ತೆರೆಯುತ್ತದೆ. ಕಾಲು ಲೋಟ ತಣ್ಣೀರು ಹಾಕಿ ಕುಲುಕಿ, ಆ ನೀರನ್ನು ಗಿಡದ ಬುಡಕ್ಕೆ ಸುರಿಯಿರಿ. ಮೊದಲೇ ಬಿಸಿನೀರು ಬೇಡ: ಹಾಲಿನ ಪ್ರೋಟೀನ್ ಗಟ್ಟಿಯಾಗಿ ಒಳಮೈಗೆ ಪೊರೆ ಕಟ್ಟುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಜಿಡ್ಡು. ಎರಡನೇ ಸಲ ಒಂದು ಹನಿ ಸೋಪು ಹಾಕಿ ಸಂದಿಗಳನ್ನು ಬೆರಳಲ್ಲಿ ತಿಕ್ಕಿ. ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ತಂತಿಗೆ ಕ್ಲಿಪ್ ಹಾಕಿ. ಒದ್ದೆಯಲ್ಲೇ ಒಂದರೊಳಗೊಂದು ತುರುಕಿದರೆ ಪಟ್ಟ ಶ್ರಮವೆಲ್ಲ ಹಾಳು.

ಅರ್ಧ ಲೀಟರಿನ ಕವರ್ ತೂಗುವುದು ಎರಡು ಮೂರು ಗ್ರಾಂ. ಕಿಲೋ ಆಗಲು ನಾನೂರರ ಆಸುಪಾಸು ಬೇಕು. ಹತ್ತಿಪ್ಪತ್ತು ಕವರಿಗೆ ಗುಜರಿಯವರು ಮುಖ ತಿರುಗಿಸಿದರೆ ಅವರದೇನು ತಪ್ಪು? ಬೀದಿಯ ನಾಲ್ಕು ಮನೆ ಸೇರಿ ಒಂದೇ ಚೀಲದಲ್ಲಿ ಕೂಡಿಡಿ. ಚಿಪ್ಸ್ ಪ್ಯಾಕೆಟ್ ಬೆರೆಸಬೇಡಿ. ಇದು ಬರೀ ಪಾಲಿಥೀನ್, ಅದು ಬೇರೆ ಬೇರೆ ಪದರ ಅಂಟಿಸಿದ್ದು.

ಅಡುಗೆಮನೆಗೆ ಮಾತ್ರ ಬೇಡ. ಸಂದಿಯ ಜಿಡ್ಡು ಪೂರ್ತಿ ಹೋಗುವುದಿಲ್ಲ, ಮಗುಚಿ ಬಳಸಿದರೆ ಮುದ್ರಣದ ಬಣ್ಣವೇ ತಿನ್ನುವ ಪದಾರ್ಥಕ್ಕೆ ತಾಗುತ್ತದೆ. ಕೊಬ್ಬರಿ ತುರಿ, ಉಪ್ಪಿನಕಾಯಿ, ನೆನೆಸಿದ ಅವರೆಕಾಳು ಯಾವುದನ್ನೂ ಅದರಲ್ಲಿ ಇಡಬೇಡಿ, ಸ್ಟೀಲ್ ಡಬ್ಬಿ ಇದೆಯಲ್ಲ. ಸಸಿ ಎಬ್ಬಿಸಲು ಧಾರಾಳವಾಗಿ ಬಳಸಿ: ತಳದಲ್ಲಿ ಪೆನ್ಸಿಲ್ ಮೊನೆಯಿಂದ ಐದಾರು ತೂತು, ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಪಾಲು. ಪಪ್ಪಾಯಿಗೂ ನುಗ್ಗೆಗೂ ಅಷ್ಟು ಸಾಕು. ನೆಡುವಾಗ ಕವರ್ ಸೀಳಿ ತೆಗೆಯಿರಿ. ಹಾಗೇ ಹೂತರೆ ಬೇರು ಒಳಗೇ ಸುತ್ತಿಕೊಂಡು ಗಿಡ ಕುಂಟುತ್ತದೆ.

ಪ್ರಶ್ನೆ: ನೀರೊಲೆ ಹೊತ್ತಿಸಲು ಒಂದು ಕವರ್ ಹಾಕಿದರೆ ಏನಾಗುತ್ತದೆ? ಹೊಗೆಗೆ ಸೊಳ್ಳೆಯೂ ಓಡುತ್ತದಂತೆ. (ಶಿಡ್ಲಘಟ್ಟ)

ಉತ್ತರ: ಸೊಳ್ಳೆಯ ಮಾತು ಹೇಳಿದವರನ್ನು ದಯವಿಟ್ಟು ನಂಬಬೇಡಿ. ಅರೆಬರೆ ಉರಿಯುವ ಪ್ಲಾಸ್ಟಿಕ್ಕಿನಿಂದ ಕಾರ್ಬನ್ ಮಾನಾಕ್ಸೈಡ್ ಮತ್ತು ವಿಷಕಾರಿ ಮಸಿ ಏಳುತ್ತದೆ. ನಡುವೆ ಪಿವಿಸಿ (ನೀರಿನ ಪೈಪಿನ ಪ್ಲಾಸ್ಟಿಕ್) ಚೂರೊಂದು ಸೇರಿದ್ದರೆ ಡಯಾಕ್ಸಿನ್ ಎಂಬ ಕಡುವಿಷ ಕೂಡ. ಒಲೆ ಮುಂದೆ ಕೂತು ಊದುವವರ ಶ್ವಾಸಕೋಶಕ್ಕೇ ಅದು ಮೊದಲು ಇಳಿಯುವುದು. ಒಣಗಿದ ತೆಂಗಿನ ನಾರು ಒಂದು ಹಿಡಿ ಸಾಕು, ಒಲೆ ಹತ್ತಿಕೊಳ್ಳುತ್ತದೆ.

ಪ್ರಶ್ನೆ: ಅಂಗಡಿಯ ಬಣ್ಣದ ಬಟ್ಟೆ ಚೀಲ ಒಳ್ಳೆಯದಲ್ಲವೇ? (ಚಿಂತಾಮಣಿ)

ಉತ್ತರ: ಅದು ಬಟ್ಟೆಯಲ್ಲ, ನೇಯದ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಹಳೆ ಪಂಚೆಯಲ್ಲಿ ಚೀಲ ಹೊಲಿಸಿ.

ಪ್ರಶ್ನೆ: ದಪ್ಪ ಕವರ್ ಕೊಡಬಹುದು ಎನ್ನುತ್ತಾರೆ ಅಂಗಡಿಯವರು. (ಕೋಲಾರ)

ಉತ್ತರ: ಕರ್ನಾಟಕದಲ್ಲಿ 2016ರಿಂದಲೇ ದಪ್ಪ ಎಷ್ಟಿದ್ದರೂ ಪ್ಲಾಸ್ಟಿಕ್ ಕೈಚೀಲ ನಿಷೇಧ.

ಪ್ರಶ್ನೆ: ತರಕಾರಿ ಸಿಪ್ಪೆಯನ್ನು ಕವರಿನಲ್ಲಿ ಕಟ್ಟಿ ಬೀದಿ ಹಸುಗಳಿಗೆ ಇಡುತ್ತೇವೆ. ಪುಣ್ಯದ ಕೆಲಸವಲ್ಲವೇ? (ಬಂಗಾರಪೇಟೆ)

ಉತ್ತರ: ಖಂಡಿತ ಅಲ್ಲ. ಹಸುವಿಗೆ ಗಂಟು ಬಿಚ್ಚಲು ಬಾರದು, ಕವರಿನ ಸಮೇತ ನುಂಗುತ್ತದೆ. ಮೆಲುಕು ಚೀಲದಲ್ಲಿ ಅದು ಕರಗುವುದೂ ಇಲ್ಲ, ಸುಲಭವಾಗಿ ಮುಂದೆ ಹೋಗುವುದೂ ಇಲ್ಲ, ಉಂಡೆಯಾಗಿ ಬೆಳೆಯುತ್ತದೆ. ಮೇವು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ, ಹಾಲು ಇಳಿಯುತ್ತದೆ. ಆಮೇಲೆ ಹೊಟ್ಟೆ ಕೊಯ್ದೇ ತೆಗೆಯಬೇಕು. ಸಿಪ್ಪೆಯನ್ನು ಬುಟ್ಟಿಯಲ್ಲಿ ಒಯ್ದು ಹಸುವಿನ ಮುಂದೆ ಸುರಿದು, ಬುಟ್ಟಿಯನ್ನು ಮನೆಗೆ ತನ್ನಿ.